ಅತ್ತಿ ಅಡ್ಡ ಬಂದ್ಲು

ಮೊನ್ನಿ ಕಾರ್ಖಾನಿ ಕಪಾಟ ಜಾಡಸೂ ಮುಂದ ಒಂದ ರಟ್ಟಿನ ತುಂಡ ಸಿಕ್ತು. ಅದಕ್ಕ ಮೂರ ಎಳಿ ನೂಲ ಸುತ್ತಿತ್ತು. ಮೂರೂ ಕೆಂಪ. ಒಂದ ಢಾಳ, ಒಂದ ನಡಕಿಂದು, ಒಂದ ಮಬ್ಬ. ಬ್ಯಾರೆದವರಾಗಿದ್ರ ಕಸಕ್ಕ ಒಗಿತಿದ್ರು. ನಾ ಒಗೀಲಿಲ್ಲ. ಅದು ಕಾಕಾ ಸುತ್ತಿದ್ದು...

ಸ್ವಂತ ಕಾಕಾ ಅಲ್ಲ. ಬನಹಟ್ಟ್ಯಾಗ ನೂಲಿಗೆ ಬಣ್ಣಾ ಹಾಕೂ ನಮ್ಮ ಕಾರ್ಖಾನ್ಯಾಗ ಅವ್ರು ಹಿರೇ ಮನಷ್ಯಾ. ಸಾವಕಾರ ಸೈತ ಕಾಕಾ ಅಂತಿದ್ರು. ನಾ ಏಳನೇತ್ತಕ್ಕ ಸಾಲಿ ಬಿಟ್ಟಾವ. ಕೆಲಸಕ್ಕ ಸೇರಿದಾಗ ಮೀಸಿ ಬಂದಿದ್ವು, ಬುದ್ಧಿ ಬಂದಿರಲಿಲ್ಲ. ಹಸೀ ನೂಲಿನ ಲಡಿ ಹಿಂಡಿ ಬಿಸಲಿಗೆ ಹಾಕೂದು ನನ್ನ ಕೆಲಸ. ಬಣ್ಣ ಕೂಡೇತೋ ಇಲ್ಲೋ ಹೇಳೂದು ಕಾಕಾಂದು. ಮಿಷನ್ ಇಲ್ಲ, ಏನಿಲ್ಲ. ಹೊಸಾ ಲಡಿ ಎರಡ ಸ್ಯಾಂಪಲ್ ನಡುವ ಹಿಡದು, "ಇದಕ್ಕಿಂತ ಕಮ್ಮಿ, ಅದಕ್ಕಿಂತ ಜಾಸ್ತಿ" ಅಂತಿದ್ರು. ಅವ್ರು ಎರಡೂ ಬಣ್ಣ ಒಂದ ಅಂದ್ರ ಒಂದ.

ಅದ ಕಣ್ಣಲೆ ಆಕಾಶಾನೂ ನೋಡತಿದ್ರು. ಸಣ್ಣಾವ್ರಿದ್ದಾಗ ಹುನ್ನೂರಾಗ ಜ್ವಾಳ ಕಾಯೂ ಮುಂದ ಚಿಕ್ಕಿಗಳ ಗುರ್ತು ಹತ್ತಿತ್ತಂತ. ಲೈಟ ಹ್ವಾದ್ವಂದ್ರ ಸಾವಕಾರ್ಗ ಸಂಕಟ, ಕಾಕಾಗ ಹಬ್ಬ. ಓಣ್ಯಾಗಿನ ಮಗ್ಗದ ಸಪ್ಪಳ ನಿಂತ ಕೂಡಲೇ ನನ್ನ ಕರಕೊಂಡ ಮಾಳಗಿ ಹತ್ತತಿದ್ರು.

ಚಳಿಗಾಲದ ಸಂಜಿಕೆ ಉತ್ತರದ ಕಡೆ ಮ್ಯಾಲ ಒಂದ ಚಿಕ್ಕಿ ಕಾಣತೈತಿ. ಪುಸ್ತಕದಾಗ ಅದರ ಹೆಸರ ಅಲ್ಗಾಲ್. ನೋಡಾಕ ಒಂದ, ಖರೆ ಅಂದ್ರ ಎರಡ, ಒಂದಕ್ಕೊಂದು ಸುತ್ತತಾವ. ದಪ್ಪಂದು ಮಬ್ಬ, ಸಣ್ಣದು ಹೊಳಪ. ಕಾಕಾ ಹೇಳೂ ರೀತಿ ಬ್ಯಾರೆ.

"ಅತ್ತಿ-ಸೊಸಿ ಅದಾರಲೇ ಅಲ್ಲಿ. ಅತ್ತಿ ಬಾಗಲ್ದಾಗ ಅಡ್ಡ ನಿಂತ್ಲಂದ್ರ ಸೊಸಿ ಮಾರಿ ಓಣ್ಯಾಗಿನವರಿಗೆ ಕಾಣಂಗಿಲ್ಲ."

"ಸೊಸಿ ಸುಮ್ಮನಿರತಾಳೇನ್ರಿ?"

"ಆಕೀ ಪಾಳೀನೂ ಬರತೈತಿ. ಆದ್ರ ಅತ್ತಿ ಮೊದಲೇ ಮಬ್ಬ. ಮುಚ್ಚಿದ್ರೂ ಯಾರಿಗೂ ಫರಕ ಗೊತ್ತಾಗಂಗಿಲ್ಲ."

ಅತ್ತಿ ಪಾಳಿ ಮಾತ್ರ ಗಡಿಯಾರ ಇದ್ದಂಗ. ಮೂರ ದಿನಕ್ಕೊಮ್ಮಿ, ಪ್ರತಿ ಸಲ ಮೂರ ತಾಸ ಮೊದಲ. ಇವತ್ತ ಹನ್ನೊಂದಕ್ಕ ಮಬ್ಬಾದ್ರ ಮುಂದಿನ ಸಲ ಎಂಟಕ್ಕ. ಅದರ ಆಜೂಬಾಜು ಒಂದ ದೊಡ್ಡ ಚಿಕ್ಕಿ, ಒಂದ ಸಣ್ಣ ಚಿಕ್ಕಿ ತೋರಿಸಿ, "ಇವು ನಿನ್ನ ಸ್ಯಾಂಪಲ್" ಅಂದ್ರು. ದಿನಾ ಹೊಳಪಿನಾಗ ದೊಡ್ಡದರ ಕೂಡ ಒಂದ ಇರೂದು, ಸಣ್ಣದರ ಕೂಡ ಒಂದ ಆತಂದ್ರ ಅತ್ತಿ ಅಡ್ಡ ಬಂದ್ಲು. ನನ್ನ ತಲಿಗೆ ಹತ್ತಲಿಲ್ಲ. ಅದಕ್ಕ ಆ ರಟ್ಟಿಗೆ ಮೂರ ಎಳಿ ಸುತ್ತಿ ಕೈಯಾಗ ಕೊಟ್ರು. ಢಾಳಂದು ದೊಡ್ಡ ಚಿಕ್ಕಿ, ಮಬ್ಬಂದು ಸಣ್ಣದು, ನಡಕಿಂದು ನಮ್ಮ ಚಿಕ್ಕಿ. ಆವಾಗ ಹತ್ತಿತು.

ಮುಂದ ಒಂದ ಚಳಿಗಾಲದಾಗ ಮುಧೋಳದ ವ್ಯಾಪಾರಿ ಒಬ್ರು ನಮ್ಮ ನೂಲಿನ ಸೀರಿ ತಂದ ಸಾವಕಾರ್ರ ಮುಂದ ಒಗದ್ರು. ಸೀರಿ ತುಂಬಾ ಪಟ್ಟಿ ಪಟ್ಟಿ. ಎರಡ ಥರಾ ಕೆಂಪ. ಎರಡೂ ಲಡಿ ಒಂದ ಅಂತ ಪಾಸ್ ಮಾಡಿದಾವ್ರು ಕಾಕಾ.

ಸಾವಕಾರ ದನಿ ಏರಸಲಿಲ್ಲ. "ಕಾಕಾ, ಇನ್ನೊಮ್ಮಿ ಹಿಂಗಾದ್ರ ಬ್ಯಾರೆದವರನ್ನ ನೋಡಬೇಕಾಕ್ಕೈತಿ. ಕಣ್ಣ ತೋರಸ್ರಿ."

"ಕಣ್ಣಿಗೇನಾಗೇತ್ರಿ? ನಿಮ್ಮ ಹೊಸಾ ಬಲ್ಬ ಸರಿ ಇಲ್ಲ."

ಬಲ್ಬ ಸರೀ ಇತ್ತು. ನಮಗೆಲ್ಲಾ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಮರುದಿನ ಮದಿವಿ ಸೀರೀದು ದೊಡ್ಡ ಲಾಟ್ ಇಳೀಬೇಕಿತ್ತು. ಅದೂ ಕೆಟ್ರ ಕಾಕಾ ಮನೀಗೆ.

ಅವತ್ತ ಸಂಜಿಕೆ ಲೈಟ ಹ್ವಾದ್ವು. ಮಾಳಗಿ ಮ್ಯಾಲ ಕಾಕಾ ಬಾಳ ಖುಷೀಲೆ ಇದ್ರು.

"ನೋಡ್ಲೇ, ಇವತ್ತೂ ಸಣ್ಣದರ ಕೂಡ ಒಂದ ಐತಿ. ಮೂರ ದಿನಾ ಆತು ಒಂದೇ ಸವನ ಮಬ್ಬ. ಚಿಕ್ಕಿ ಪಾಳಿ ತಪ್ಪೇತಿ. ಇದನ್ನ ಶಾಣ್ಯಾರಿಗೆ ಯಾರಿಗರ ಬರದ ತಿಳಸಬೇಕು."

ನಾ ನೋಡಿದ್ನಿ. ಚಿಕ್ಕಿ ನಿಗಿನಿಗಿ ಉರಿಯಾಕತ್ತಿತ್ತು. ಅದರ ಪಾಳಿ ಹಿಂದಿನ ದಿನಾನ ಮುಗದಿತ್ತು.

ಲಡಿ ವಿಷಯದಾಗ ಬಾಯಿ ಬಿಡದಾವ ಇಲ್ಲಿ ಬಿಟ್ನಿ. ಚಿಕ್ಕಿ ಯಾವ ಸಾವಕಾರಂದೂ ಅಲ್ಲ.

"ಇಲ್ರಿ ಕಾಕಾ. ಚೂರೂ ಮಬ್ಬಾಗಿಲ್ಲ."

"ಸರೀ ನೋಡ್ಲೇ ಮಂಗ್ಯಾ."

"ನೀವ ಕಲಿಸಿದಂಗ ನೋಡೇನ್ರಿ. ದೊಡ್ಡದರ ಕೂಡ ಒಂದ ಐತಿ. ಸಣ್ಣದು ಬಾಳ ಹಿಂದ ಉಳೀತು."

ಕಾಕಾ ಒಂದ ಕಣ್ಣ ಮುಚ್ಚಿದ್ರು. ಆಮ್ಯಾಲ ಇನ್ನೊಂದು. ಅಷ್ಟರಾಗ ಅವ್ರ ಹೊಟ್ಟಿ ಕುಣಿಯಾಕ ಹತ್ತಿತು. ನಗಾಕತ್ತಿದ್ರು.

"ಮುದುಕಿ ಅಲ್ಲಿ ಅಡ್ಡ ಬಂದಿಲ್ಲಂದ್ರ ಇಲ್ಲೇ ಬಂದಾಳಲೇ," ಅಂತ ತಮ್ಮ ಕಣ್ಣ ತೋರಿಸಿದ್ರು.

ಮರುದಿನ ಲಾಟ್ ಇಳೀತು. ಕಾಕಾ ಸಾವಕಾರ್ರ ಎದುರ ನನ್ನ ಕರದು ಎರಡ ಲಡಿ ಕೈಯಾಗ ಕೊಟ್ರು. "ಒಂದೋ, ಬ್ಯಾರೆ ಬ್ಯಾರೆನೋ?"

ಬಿಸಲಿಗೆ ಹಿಡದ ನೋಡಿದ್ನಿ. "ಬ್ಯಾರೆ ಅದಾವ್ರಿ."

"ಕೇಳಿದ್ರೇನ್ರಿ ಸಾವಕಾರ? ನನಗ ಎರಡೂ ಒಂದ ಕಾಣತಾವ. ಜಮಖಂಡ್ಯಾಗ ಆಪರೇಷನ್ ಆಗೂತನಾ ಕಣ್ಣ ಇವಂದು, ಕೈ ನಂದು."

ಸಾವಕಾರ ಹೂಂ ಅಂದ್ರು. ಲಡಿ ಮತ್ತ ಬಣ್ಣದ ಹಂಡೇಕ ಹ್ವಾದ್ವು.

ಆಪರೇಷನ್ ಆಗಿ, ಕರೀ ಚಸ್ಮಾ ತಗದು, ಕಾಕಾ ಕೆಲಸಕ್ಕ ಬಂದ ಮೊದಲನೇ ದಿನಾ ನನ್ನ ಮ್ಯಾಲಿಂದ ಕೆಳಗತನಾ ನೋಡಿದ್ರು. "ಇದೇನಲೇ, ನಿನ್ನ ಅಂಗಿ ಇಷ್ಟ ಹೊಲಸೈತಿ? ನಾ ಇದನ್ನ ಬಿಳೀದು ಅಂತ ತಿಳಕೊಂಡಿದ್ನಿ." ಅವತ್ತ ಸಂಜಿಕೆ ಚಿಕ್ಕಿ ಪಾಳಿ ಇರಲಿಲ್ಲ. ಆದ್ರೂ ಮಾಳಗಿ ಹತ್ತಿದ್ರು. "ಸೊಸಿ ಚಂದ ಅದಾಳಲೇ," ಅಂದ್ರು. ಮುಂದ ಪಾಳಿ ಇದ್ದಾಗೊಮ್ಮಿ ನಮ್ಮದು ಜಗಳಾನ. ಅವ್ರು ಒಂದ ಆತು ಅಂದ್ರ ನಾ ಇನ್ನೂ ಇಲ್ಲ ಅನ್ನೂದು, ನಾ ಆತು ಅಂದ್ರ ಅವ್ರು ಇಲ್ಲ ಅನ್ನೂದು...

ಹೋದ ಮಳಿಗಾಲದಾಗ ಕಾಕಾ ತೀರಕೊಂಡ್ರು. ಜಡ್ಡ ಇಲ್ಲ, ಜಾಪತ್ರಿ ಇಲ್ಲ. ಮಲಗಿದಾವ್ರು ಏಳಲಿಲ್ಲ.

ಈಗ ಲಡಿ ನಾನ ನೋಡತೇನಿ. ಕೆಲಸದಾವ್ರು ನಾ ಏನಂದ್ರೂ "ಬರೋಬ್ಬರಿ ರೀ" ಅಂತಾರ. ನಿನ್ನೆ ಸಂಜಿಕೆ ಚಿಕ್ಕಿ ಪಾಳಿ ಇತ್ತು. ಒಬ್ಬನ ಮಾಳಗಿ ಹತ್ತಿದ್ನಿ. ಎಂಟರ ಸುಮಾರಿಗೆ ಸಣ್ಣದರ ಕೂಡ ಸಮ ಆದಂಗ ಕಾಣ್ತು. "ಒಂದ ಆತು," ಅಂತ ಜೋರಲೆ ಅಂದ್ನಿ.

ಇಲ್ಲ ಅನ್ನಾವ್ರು ಯಾರೂ ಇರಲಿಲ್ಲ. ಖರೇನ ಒಂದ ಆಗಿತ್ತೋ ಇಲ್ಲೋ, ನನಗ ಹೆಂಗ ಗೊತ್ತಾಗಬೇಕು?