ಮುಂಗೈ ಮೇಷ್ಟ್ರು

ಗಾಲ್ಫ್ ಕಲಿಸುವ ಮುಂಗೈ ಮೇಷ್ಟ್ರ ಪ್ರಕಾರ ಲೋಕದಲ್ಲಿರುವುದು ಎರಡೇ ಬಗೆಯ ಜನ: ಕೋಲನ್ನು ಗುಬ್ಬಿಮರಿಯಂತೆ ಹಿಡಿಯುವವರು, ಕಳ್ಳನ ಕೊರಳಪಟ್ಟಿಯಂತೆ ಹಿಡಿಯುವವರು. “ಬಿಗಿಯಾಗಿ ಹಿಡಿದ್ರೆ ಮುಂಗೈ ತಿರುಗಲ್ಲ ಸ್ವಾಮಿ, ತಿರುಗದಿದ್ರೆ ಚೆಂಡು ಸೀದಾ ಬಲಗಡೆ ಪೊದೆಗೇ!” ಎಂದು ಮೈದಾನದಲ್ಲಿ ಕುಣಿದಾಡುತ್ತಾರೆ. ಕೈಕುಲುಕಲು ಬಂದವರ ಹೆಬ್ಬೆರಳನ್ನು ಸರಿಮಾಡುತ್ತಾರೆ. ಹಲ್ಲು ಕೀಳುವ ಡಾಕ್ಟರ ಇಕ್ಕಳದ ಹಿಡಿತವನ್ನೂ ಬಾಯಿ ತೆರೆದುಕೊಂಡೇ ತಿದ್ದಿದ್ದಾರೆ. ಸಂಜೆ ಮಾತ್ರ, ಜೇಬಿನಲ್ಲಿ ಬೀಗದ ಕೈ ಇದ್ದರೂ, ತಮ್ಮ ಮನೆಯ ಬಾಗಿಲಾಚೆಯೇ ಕಾಯುತ್ತಾರೆ. ಒಳಗೆ ಹೆಂಡತಿ ಲಕ್ವ ಹೊಡೆದ ಬಲಗೈಯಿಂದಲೇ ಬೀಗ ತಿರುಗಿಸಲು ಹೆಣಗುತ್ತಾರೆ. “ಮೆತ್ತಗೆ ಕಣೇ, ಗುಬ್ಬಿಮರಿ!” ಎಂಟು ತಿಂಗಳ ಮೇಲೆ ಇವತ್ತು ಬೀಗ ಕಟಕ್ಕೆಂದಿತು. “ತಿರುಗ್ತು! ಮುಂಗೈ ತಿರುಗ್ತು!” ಎಂದು ಮೇಷ್ಟ್ರು ಬೀದಿಗೆಲ್ಲ ಕೇಳುವಂತೆ ಕೂಗಿದರು. “ಬೀದಿಗೆ ಪಾಠ ಸಾಕು, ಒಳಗೆ ಬನ್ನಿ,” ಎಂದರು ಆಕೆ.