ದೊರೆಗೆ ಬಡಿಸಿದ ಎಲೆ

ನಾವುಂದ ಊರಿನ ನಮ್ಮ ಚಾದಂಗಡಿಯಲ್ಲಿ ದೇವರ ಪಟಗಳ ಸಾಲಿನಲ್ಲೇ ಒಬ್ಬ ಬಿಳಿಯನ ಪಟವೂ ಇತ್ತು. ಯಾವುದೋ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ ಚಿತ್ರ. ತಲೆಗೆ ಟೊಪ್ಪಿ, ಒಪ್ಪವಾಗಿ ಕತ್ತರಿಸಿದ ಮೀಸೆ, ಎದೆಯ ಮೇಲೆ ಬಣ್ಣಬಣ್ಣದ ಪಟ್ಟಿ. ಅಪ್ಪಯ್ಯ ಬೆಳಿಗ್ಗೆ ಅಂಗಡಿ ತೆರೆದು ಊದುಬತ್ತಿ ಹಚ್ಚಿದರೆ ಗಣಪತಿಗೆ, ಲಕ್ಷ್ಮಿಗೆ ತೋರಿಸಿ, ಆಮೇಲೆ ಅವನಿಗೂ ಒಂದು ಸುತ್ತು ತೋರಿಸುತ್ತಿದ್ದರು. ಸಣ್ಣವಳಿದ್ದಾಗ ನಾನೂ ಅವನನ್ನು ದೇವರೆಂದೇ ತಿಳಿದು ಕೈ ಮುಗಿದಿದ್ದೇನೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವನು ದೇವರಲ್ಲ, ದೊರೆ. ಲಡಾಯಿಯ ಕಾಲದಲ್ಲಿ ಬರ್ಮಾದ ಕಡೆ ಒಂದು ದೊಡ್ಡ ಸೈನ್ಯವನ್ನು ನಡೆಸಿದ ಇಂಗ್ಲಿಷ್ ಜನರಲ್. ಅಪ್ಪಯ್ಯ ಅವನ ಬಿಡಾರದಲ್ಲಿ ಅಡುಗೆಗೆ ಇದ್ದವರು. ಅಪ್ಪಯ್ಯ ಮತ್ತು ಅವರ ಅಣ್ಣ, ಎಂದರೆ ನನ್ನ ದೊಡ್ಡಪ್ಪಯ್ಯ, ಇಬ್ಬರೂ ಮೀಸೆ ಬರುವ ಮುಂಚೆಯೇ ಬೊಂಬಾಯಿಗೆ ಓಡಿ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ್ದರು. ಯುದ್ಧ ಶುರುವಾದಾಗ ಇಬ್ಬರೂ ಒಟ್ಟಿಗೇ ಮಿಲಿಟರಿಗೆ ಹೆಸರು ಕೊಟ್ಟರು. ಅಡುಗೆ ಬಲ್ಲ ತಮ್ಮ, ಎಂದರೆ ಅಪ್ಪಯ್ಯ, ದೊರೆಯ ಒಲೆಯ ಮುಂದೆ ಹೋದರು. ತೋಳು ಗಟ್ಟಿಯಿದ್ದ ಅಣ್ಣ ರಸ್ತೆ ಮಾಡುವ, ಸಾಮಾನು ಹೊರುವ ಕಂಪೆನಿಗೆ ಹೋದರು. ತಮ್ಮ ತಿರುಗಿ ಬಂದರು, ಜೊತೆಗೆ ಒಂದು ಪದಕ, ಒಂದು ಕಂಬಳಿ, ಒಂದು ಹೂವಿನ ಕಪ್ಪು, ಈ ಪಟ. ಅಣ್ಣ ಬರಲಿಲ್ಲ. ಸತ್ತರೆಂದೂ ಯಾರೂ ತಿಳಿಸಲಿಲ್ಲ. ಪತ್ತೆಯಿಲ್ಲ ಎಂದು ಸರಕಾರ ತಿಳಿಸಿತು, ಅಷ್ಟೇ.

ಪತ್ತೆಯಿಲ್ಲದವನ ಹೆಂಡತಿ ಏನಾಗಬೇಕು? ನಮ್ಮ ದೊಡ್ಡಮ್ಮ ಆದದ್ದನ್ನು ನಾನು ಕಣ್ಣಾರೆ ಕಂಡೆ. ಹಣೆಗೆ ಕುಂಕುಮ, ಕೈಗೆ ಹಸಿರು ಬಳೆ, ಮುತ್ತೈದೆಯೇ ಸರಿ. ಆದರೆ ಮದುವೆಮನೆಯಲ್ಲಿ ಆರತಿ ಎತ್ತಲು ಮುತ್ತೈದೆಯರನ್ನು ಕರೆಯುವಾಗ ಎಲ್ಲರೂ ಅವಳ ತಲೆಯ ಮೇಲಿಂದ ಆಚೆ ನೋಡುತ್ತಿದ್ದರು. ವಿಧವೆಯರ ಸಾಲಿನಲ್ಲೂ ಕೂರುವಂತಿರಲಿಲ್ಲ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯಂದು ಮನೆಯಲ್ಲಿ ತೀರಿಕೊಂಡವರಿಗೆಲ್ಲ ಒಳಕೋಣೆಯಲ್ಲಿ ಎಲೆ ಹಾಕಿ, ಅವರವರಿಗೆ ಇಷ್ಟವಿದ್ದದ್ದನ್ನು ಬಡಿಸಿ, ಉಣ್ಣಲು ಕರೆದು ಬಾಗಿಲು ಮುಚ್ಚುತ್ತೇವೆ. ದೊಡ್ಡಪ್ಪಯ್ಯನಿಗೆ ಎಲೆ ಇರಲಿಲ್ಲ. ಬದುಕಿರುವವರಿಗೆ ಎಲೆ ಹಾಕಿದರೆ ಅವರ ಆಯುಸ್ಸಿಗೆ ನಾವೇ ಕತ್ತರಿ ಹಾಕಿದ ಹಾಗೆ. ಹನ್ನೆರಡು ವರ್ಷ ಸುದ್ದಿಯಿಲ್ಲದಿದ್ದರೆ ದರ್ಭೆಯ ಬೊಂಬೆ ಮಾಡಿ ಸುಟ್ಟು ಕ್ರಿಯೆ ಮುಗಿಸಬಹುದೆಂದು ಪುರೋಹಿತರು ಹೇಳಿದಾಗ ಬೇಡವೆಂದವರು ಅಪ್ಪಯ್ಯ. ‘ಅಣ್ಣ ಬತ್ತ್ರ್. ಸೆರೆ ಸಿಕ್ಕಿದವ್ರ್ ಈಗ್ಳೂ ಬತ್ತಾ ಇದ್ರ್ ಅಂಬ್ರ್’ ಎಂದರು. ಅಣ್ಣನ ಮೇಲಿನ ಪ್ರೀತಿ ಎಂದು ಊರೆಲ್ಲ ಹೊಗಳಿತು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾನು ಶಾಲೆಗೆ ಸೇರಿದೆ. ಶಾಲೆಯ ಪಾಠಕ್ಕೆ ಮುಂಚೆಯೇ ದೊರೆಯ ಚರಿತ್ರೆ ನನಗೆ ಬಾಯಿಪಾಠವಾಗಿತ್ತು. ಬಸ್ಸು ಕಾಯುವವರು ಸಿಕ್ಕರೆ ಸಾಕು, ಅಪ್ಪಯ್ಯ ಚಾ ಸೋಸುತ್ತ ಶುರು ಮಾಡುತ್ತಿದ್ದರು. ದೊರೆ ಚಿಗುರುಮೀಸೆಯ ವಯಸ್ಸಿನಲ್ಲಿ ಹಡಗು ಹತ್ತಿ ಈ ದೇಶಕ್ಕೆ ಬಂದದ್ದು, ಮೊದಲನೇ ಲಡಾಯಿಯಲ್ಲಿ ತೊಡೆಗೆ ಗುಂಡು ತಿಂದದ್ದು, ಸಿಪಾಯಿಗಳ ಭಾಷೆ ಕಲಿತದ್ದು, ಕ್ಯಾಪ್ಟನ್, ಕರ್ನಲ್, ಜನರಲ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು. ಆಮೇಲೆ ಬರ್ಮಾದಲ್ಲಿ ಜಪಾನಿಯರು ನುಗ್ಗಿ ಇಡೀ ಸೈನ್ಯ ಹಿಂದೆ ಸರಿದದ್ದು. ಸೋಲಿಗೆ ದೊರೆಯನ್ನೇ ಹೊಣೆ ಮಾಡಿ ಕೆಲಸದಿಂದ ಇಳಿಸಿದ್ದು, ಯುದ್ಧ ಮುಗಿದ ಮೇಲೆ ತಪ್ಪು ಅವನದ್ದಲ್ಲವೆಂದು ತಿಳಿದು ಅವನ ರಾಣಿಯೋ ರಾಜನೋ ಕರೆದು ಬಿರುದು ಕೊಟ್ಟದ್ದು. ಅಪ್ಪಯ್ಯನಿಗೆ ಇಂಗ್ಲಿಷು ಓದಲು ಬರುತ್ತಿರಲಿಲ್ಲ. ಕುಂದಾಪುರಕ್ಕೆ ಸಾಮಾನು ತರಲು ಹೋದಾಗಲೆಲ್ಲ ಪರಿಚಯದ ವಕೀಲರ ಗುಮಾಸ್ತರೊಬ್ಬರನ್ನು ಹಿಡಿದು ದೊರೆಯ ಸುದ್ದಿಯೇನಾದರೂ ಇದೆಯೇ ಎಂದು ಪೇಪರು ತಿರುವಿಸುತ್ತಿದ್ದರು. ಸ್ವಂತ ಮಗಳು ಯಾವ ಕ್ಲಾಸಿನಲ್ಲಿದ್ದಾಳೆಂದು ಕೇಳಿದರೆ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು.

ಆ ಚರಿತ್ರೆಯಲ್ಲಿ ಎಲ್ಲರೂ ಕಾದು ಕೂರುವ ಭಾಗವೆಂದರೆ ಸೇತುವೆಯದ್ದು. ಸೈನ್ಯ ಹೊಳೆ ದಾಟುತ್ತಿದೆ, ಬೆನ್ನ ಹಿಂದೆಯೇ ಜಪಾನಿಯರು. ಸೇತುವೆ ಅವರ ಕೈಗೆ ಸಿಕ್ಕಿದರೆ ಎಲ್ಲ ಮುಗಿಯಿತು. ಹಾರಿಸೋಣವೆಂದರೆ ಇನ್ನೂ ನಮ್ಮವರೇ ಆಚೆ ದಡದಲ್ಲಿದ್ದಾರೆ. ಅಪ್ಪಯ್ಯ ಇಲ್ಲಿ ಚಾ ಸೋಸುವುದನ್ನು ನಿಲ್ಲಿಸುತ್ತಿದ್ದರು.

‘ನಾನ್ ಚಾ ತಕಂಡ್ ಹೋದೆ. ದೊರೆ ಮುಟ್ಲಿಲ್ಲ. ನಕ್ಷೆ ಕಾಂತಾ ನಿಂತಿದ್ರ್. ಚಾ ಆರಿ ಹೋಯ್ತ್. ಮತ್ತೊಂದ್ ಮಾಡ್ಕಂಡ್ ಹೋದೆ, ಅದೂ ಆರ್ತ್. ಅವ್ರ ಕಣ್ಣಲ್ಲಿ ನೀರಿತ್ತ್ ಮರಾಯ್ರೆ, ಈ ಕಣ್ಣಾರೆ ಕಂಡಿದೆ. ಕಡಿಕೆ ಒಂದ್ಸಲ ಹೂಂ ಅಂದೇಳಿ ತಲೆ ಅಲ್ಲಾಡ್ಸ್ರ್. ಅಷ್ಟೇ, ಸೇತುವೆ ಹಾರ್ತ್!’

ಕೇಳಿದವರು ಲೊಚಗುಟ್ಟುತ್ತಿದ್ದರು. ದೊರೆಗಾಗಿ. ಪಾಪ, ಎಂಥ ಸಂಕಟ ಅವರಿಗೆ ಎಂದು. ಆಚೆ ದಡದಲ್ಲಿ ನಿಂತವರಿಗಾಗಿ ಯಾರೂ ಲೊಚಗುಟ್ಟಿದ್ದು ನನಗೆ ನೆನಪಿಲ್ಲ. ದೊಡ್ಡಮ್ಮ ಅಂಗಡಿಯ ಹಿಂದುಗಡೆ ಅಕ್ಕಿ ರುಬ್ಬುತ್ತ ಇದನ್ನೆಲ್ಲ ಕೇಳುತ್ತಿದ್ದಳು.

ದೊಡ್ಡಮ್ಮ ದೋಣಿಯವರ ಮನೆಯ ಮಗಳು. ಆಗ ಕುಂದಾಪುರಕ್ಕೆ ಹೋಗಬೇಕಾದರೆ ಹೊಳೆಗೆ ಸೇತುವೆಯಿಲ್ಲ, ಬಸ್ಸಿಳಿದು ದೋಣಿ ಹತ್ತಬೇಕು. ಅವಳ ಅಪ್ಪ ಕಡವಿನಲ್ಲಿ ದೋಣಿ ಹಾಕುತ್ತಿದ್ದವರು. ಮುಚ್ಚಂಜೆಯಾಗಿ ದೋಣಿ ಕಟ್ಟುವ ಮುಂಚೆ ಕಡವಿನವರು ಆಚೆ ದಡಕ್ಕೆ ಮುಖ ಮಾಡಿ ‘ಹ್ವಾಯ್’ ಎಂದು ಮೂರು ಸಲ ಕೂಗುತ್ತಿದ್ದರು. ಕೂಗಿಗೂ ಕೂಗಿಗೂ ನಡುವೆ ಕಿವಿಗೊಟ್ಟು ನಿಲ್ಲುತ್ತಿದ್ದರು. ಯಾರಾದರೂ ಓ ಎಂದರೆ, ಅದು ಒಬ್ಬಳೇ ಮೀನಿನ ಹೆಂಗಸಾದರೂ ಸರಿ, ಬೈದುಕೊಂಡಾದರೂ ಸರಿ, ಮತ್ತೆ ದೋಣಿ ಬಿಡಲೇಬೇಕು. ಮೂರನೆಯ ಕೂಗಿಗೂ ಉತ್ತರ ಬರದಿದ್ದರೆ ಮಾತ್ರ ಹಗ್ಗ ಕಟ್ಟುವುದು. ಕೂಗದೆ ದೋಣಿ ಕಟ್ಟಿದವನ ಮನೆಯಲ್ಲಿ ಯಾರೂ ನೀರು ಮುಟ್ಟುತ್ತಿರಲಿಲ್ಲ ಎಂದು ದೊಡ್ಡಮ್ಮ ನನಗೆ ತಲೆ ಬಾಚುವಾಗ ಹೇಳುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿರುವಾಗ ಹೊಳೆಗೆ ಹೊಸ ಸೇತುವೆ ಬಂತು. ಬಸ್ಸು ಸೀದಾ ಹೋಗತೊಡಗಿತು. ಜನವೆಲ್ಲ ನೋಡಲು ಹೋಗಿ ಕಂಬ ಎಷ್ಟು ದಪ್ಪ ಎಂದು ಬೆರಗಾದರೆ, ಅಪ್ಪಯ್ಯ ಇದನ್ನು ಹಾರಿಸಬೇಕಾದರೆ ಯಾವ ಕಂಬದ ಬುಡಕ್ಕೆ ಮದ್ದಿಡಬೇಕೆಂದು ಬಂದವರಿಗೆ ವಿವರಿಸಿದರು.

ಅದಾದ ಮೇಲೆ ಒಂದು ದಿನ ಮಧ್ಯಾಹ್ನ ಅಂಗಡಿಗೆ ಯಡ್ತರೆ ಊರಿನವರೊಬ್ಬರು ಬಂದರು. ಅವರೂ ಬರ್ಮಾಕ್ಕೆ ಹೋಗಿ ಬಂದವರೆಂದು ಮಾತಿನಲ್ಲಿ ಗೊತ್ತಾಯಿತು. ಅಪ್ಪಯ್ಯನಿಗೆ ಹಬ್ಬ. ಅವರಿಗೆ ಚಾದ ಜೊತೆ ಗೋಳಿಬಜೆ ಇಟ್ಟು ಸೇತುವೆಯ ಕಥೆ ತೆಗೆದರು. ದೊರೆಯ ಕಣ್ಣಿನಲ್ಲಿ ನೀರು ಬಂದಲ್ಲಿಗೆ ತಲುಪಿದ್ದರು, ಅಷ್ಟರಲ್ಲಿ ಬಂದವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

‘ಆಚಿ ಬದಿಯಲ್ಲಿ ಇದ್ದದ್ದ್ ನಮ್ದೇ ಕಂಪೆನಿ. ನಂಗೆ ಜ್ವರ ಬಂದ್ ಆಸ್ಪತ್ರಿ ಗಾಡಿಯಲ್ಲಿ ಹಿಂದಿನ್ ದಿನ ಈಚಿಗೆ ತಂದಿದ್ರ್, ಬದ್ಕಂಡೆ. ನಿಮ್ಮ್ ಅಣ್ಣ ಅಲ್ಲೇ ಇದ್ದ್ರಲೆ? ಲಡಾಯಿ ಮುಗ್ದ್ ಊರಿಗ್ ಬಂದ ವರ್ಷವೇ ನಿಮ್ಗೆ ಬಂದ್ ಹೇಳಿದ್ನಲೆ ನಾನ್, ಗುರ್ತ ಸಿಕ್ಲಿಲ್ಯಾ?’

ಅಪ್ಪಯ್ಯ ಏನನ್ನೋ ಹುಡುಕುವವರಂತೆ ಗಲ್ಲಾ ಮೇಜಿನ ಕೆಳಗೆ ಬಗ್ಗಿದರು. ಬಗ್ಗಿದವರು ಬೇಗ ಏಳಲಿಲ್ಲ. ಹಿಂದುಗಡೆ ರುಬ್ಬುಗುಂಡಿನ ಸದ್ದು ನಿಂತಿತ್ತು.

ಯಡ್ತರೆಯವರು ಬಸ್ಸು ಹತ್ತಿದ ಮೇಲೆ ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಮೈದುನನ ಎದುರು ನಿಂತು ಅವಳು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ಹಾರ್ಸೂಕೆ ಮುಂಚೆ ಆಚಿ ದಡದವ್ರಿಗೆ ಕೂಗ್ದ್ರಾ?’

‘ಅದ್ ಲಡಾಯಿ ಅತ್ಗೆ, ನಮ್ಮ್ ಕಡವು ಅಲ್ಲ.’

‘ಕೂಗ್ಲಿಲ್ಲ ಅಲ್ದಾ?’

‘ಎಷ್ಟೋ ಜನ ಈಜ್ಕಂಡ್ ಬಂದಿದ್ರ್. ಸೆರೆ ಸಿಕ್ದವ್ರೂ ಇದ್ರ್. ಅಣ್ಣ ಬತ್ತ್ರ್ ಅತ್ಗೆ, ನೀವ್ ಕುಂಕುಮ ತೆಗಿಬೇಡಿ’ ಎಂದರು ಅಪ್ಪಯ್ಯ.

ಆ ಹೊತ್ತಿಗೆ ನನಗೆ ಅಪ್ಪಯ್ಯ ಅರ್ಥವಾದರು. ಅರ್ಥವಾಗದಿದ್ದರೇ ಚೆನ್ನಾಗಿತ್ತು. ಅಣ್ಣ ಸತ್ತರೆಂದರೆ ಆ ಸೇತುವೆಯಲ್ಲೇ ಸತ್ತರು. ಅಲ್ಲಿ ಸತ್ತರೆಂದರೆ ಕೊಂದದ್ದು ದೊರೆ ತಲೆಯಾಡಿಸಿದ ಆ ಒಂದು ಗಳಿಗೆ. ಆಮೇಲೆ ಗೋಡೆಯ ಮೇಲೆ ಪಟ ಹೇಗೆ ಉಳಿದೀತು, ಊದುಬತ್ತಿ ಯಾರಿಗೆ ಹಚ್ಚುವುದು? ಅದಕ್ಕಾಗಿ ಅಣ್ಣ ಬದುಕಿರಲೇಬೇಕು. ದೊಡ್ಡಮ್ಮ ಆರತಿಗೂ ಸಲ್ಲದೆ, ಅಳುವುದಕ್ಕೂ ಸಲ್ಲದೆ ಬಳೆ ತೊಟ್ಟುಕೊಂಡು ಹಾಗೆಯೇ ಮುದುಕಿಯಾಗಬೇಕು. ಯಡ್ತರೆಯವರು ಎಂದೋ ಬಂದು ಹೇಳಿ ಹೋಗಿದ್ದರು. ಅಪ್ಪಯ್ಯ ಅದನ್ನು ನುಂಗಿಕೊಂಡು ಪುರೋಹಿತರನ್ನು ವಾಪಸು ಕಳಿಸಿದ್ದರು. ಇದನ್ನು ನಾನು ಕ್ಷಮಿಸಿಲ್ಲ. ಅವರು ತೀರಿಕೊಂಡ ಮೇಲೂ ಕ್ಷಮಿಸಿಲ್ಲ.

ಆದರೂ ದೊಡ್ಡಮ್ಮ ಕುಂಕುಮ ತೆಗೆಯಲಿಲ್ಲ. ಮನೆಯ ಗಂಡಸು ಒಪ್ಪದೆ ಕ್ರಿಯೆ ಮಾಡಿಸುವವರು ಯಾರು? ಆಮೇಲೆ ನನಗೆ ಬ್ರಹ್ಮಾವರದ ಕಡೆ ಮದುವೆಯಾಯಿತು. ಧಾರೆಯ ದಿನ ದೊಡ್ಡಮ್ಮ ಇಡೀ ಹೊತ್ತು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತ ಕುಳಿತಳು. ನನ್ನನ್ನು ಎತ್ತಿ ಆಡಿಸಿದವಳು, ನನ್ನ ತಲೆಗೆ ಅಕ್ಷತೆ ಹಾಕಲು ಒಳಗೆ ಬರಲಿಲ್ಲ. ಕರೆಯಲು ಯಾರೂ ಹೋಗಲೂ ಇಲ್ಲ.

ಎಪ್ಪತ್ತರ ದಶಕ ಶುರುವಾಗಿತ್ತು. ಆ ಮಳೆಗಾಲದಲ್ಲಿ ದೊರೆ ಸತ್ತ. ಯುದ್ಧದಲ್ಲಲ್ಲ, ಅವನ ದೇಶದ ಯಾವುದೋ ಹಳ್ಳಿಯಲ್ಲಿ, ಗುಲಾಬಿ ತೋಟ ಮಾಡಿಕೊಂಡು, ತುಂಬು ಮುದುಕನಾಗಿ, ಹಾಸಿಗೆಯಲ್ಲಿ. ಪೇಪರಿನ ಮೂಲೆಯಲ್ಲಿ ಎರಡು ಬೆರಳಗಲ ಬಂದದ್ದನ್ನು ಗುಮಾಸ್ತರು ಓದಿ ಹೇಳಿದರಂತೆ. ಅಪ್ಪಯ್ಯ ಕುಂದಾಪುರದಿಂದ ಬಂದವರು ಅಂಗಡಿ ಮುಚ್ಚಿ, ಬಾವಿಕಟ್ಟೆಯಲ್ಲಿ ತಲೆಗೆ ನೀರು ಹೊಯ್ದುಕೊಂಡು, ಊಟ ಬಿಟ್ಟು ಮಲಗಿದರಂತೆ. ಅಣ್ಣನಿಗೆ ಎಂದೂ ಹೊಯ್ದುಕೊಳ್ಳದ ನೀರು!

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ನಾನು ತವರಿಗೆ ಬಂದಿದ್ದೆ. ಒಳಕೋಣೆಯಲ್ಲಿ ಅಜ್ಜನಿಗೆ, ಅಜ್ಜಿಗೆ, ಹಿಂದಿನವರಿಗೆ ಎಲೆ ಹಾಕಿ ಆಗಿತ್ತು. ಅಪ್ಪಯ್ಯ ಸಾಲಿನ ಕೊನೆಗೆ ಇನ್ನೊಂದು ಎಲೆ ಇಟ್ಟರು. ಕುಂದಾಪುರದಿಂದ ತಂದ ಬ್ರೆಡ್ಡು, ಆಮ್ಲೆಟ್ಟು, ಒಂದು ಸಿಗರೇಟು, ತಾವೇ ಕೈಯಾರೆ ಮಾಡಿದ ಚಾ. ಅದನ್ನು ಬರ್ಮಾದಿಂದ ತಂದ ಹೂವಿನ ಕಪ್ಪಿನಲ್ಲಿ ಹೊಯ್ದಿದ್ದರು. ನಾವು ಯಾರೂ ಮುಟ್ಟಬಾರದ ಕಪ್ಪು ಅದು.

‘ಯಾವ ಜಾತಿಯೋ ಎಂತದೋ, ನಮ್ಮ್ ಅತ್ತೆ ಹತ್ರ ಕೂರ್ಸ್ತ್ರಿ’ ಎಂದು ಅಮ್ಮ ಗೊಣಗಿದಳು.

‘ನಾನ್ ಅವ್ರ ಅನ್ನ ತಿಂದಿದೆ’ ಎಂದರು ಅಪ್ಪಯ್ಯ.

ಅಷ್ಟರಲ್ಲಿ ದೊಡ್ಡಮ್ಮ ಬಂದಳು. ಕೈಯಲ್ಲಿ ತಾನೇ ಕೊಯ್ದ ಕುಡಿ ಬಾಳೆಲೆ. ಅದನ್ನು ದೊರೆಯ ಎಲೆಗೆ ಎದುರಾಗಿ ಹಾಸಿ ನೀರು ಚಿಮುಕಿಸಿದಳು. ಕೆಂಪಕ್ಕಿ ಅನ್ನ, ಹುರಿದ ಬಂಗುಡೆ, ಒಂದು ಬೀಡಿ ಇಟ್ಟಳು. ಯಾರಿಗೆಂದು ಯಾರೂ ಕೇಳಬೇಕಾಗಿರಲಿಲ್ಲ.

ಅಪ್ಪಯ್ಯ ಒಂದು ಹೆಜ್ಜೆ ಮುಂದೆ ಬಂದರು. ‘ಅತ್ಗೆ, ಎಂತ ಮಾಡ್ತಾ ಇದ್ರಿ? ಬದ್ಕಿದ್ದವ್ರಿಗೆ ಎಲೆ ಹಾಕೂಕಾಗ.’

‘ಬದ್ಕಿದ್ರಾ? ಹಂಗಾರೆ ಎಲ್ಲಿದ್ರ್ ಹೇಳಿ, ಹೋಯಿ ಕರ್ಕಂಡ್ ಬತ್ತೆ.’

ಅಪ್ಪಯ್ಯ ದೊರೆಯ ಎಲೆಯ ಮೇಲಿನ ಸಿಗರೇಟನ್ನು ನೆಟ್ಟಗೆ ಮಾಡತೊಡಗಿದರು. ದೊಡ್ಡಮ್ಮ ಅವರನ್ನು ಬಿಡಲಿಲ್ಲ.

‘ಅವತ್ತ್ ದೊರೆ ಕುಡೀದೆ ಆರಿ ಹೋದ ಚಾ ಎಂತ ಮಾಡ್ದ್ರಿ?’

ಇಷ್ಟು ವರ್ಷ ಆ ಕಥೆ ಕೇಳಿದ ಊರಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಅಪ್ಪಯ್ಯ ಗೋಡೆಗೆ ಒರಗಿಕೊಂಡರು.

‘ನಾನೇ ಕುಡ್ದೆ’ ಎಂದರು.

ದೊಡ್ಡಮ್ಮ ಬಗ್ಗಿ, ದೊರೆಯ ಎಲೆಯ ಮೇಲಿದ್ದ ಹೂವಿನ ಕಪ್ಪನ್ನು ಎತ್ತಿ ತನ್ನ ಗಂಡನ ಎಲೆಯ ಮೇಲಿಟ್ಟಳು. ಅಪ್ಪಯ್ಯ ತಡೆಯಲಿಲ್ಲ. ಆಮೇಲೆ ಅವಳು ಹೊಸಿಲಿನ ಮೇಲೆ ಕುಳಿತು ಒಂದೊಂದಾಗಿ ಬಳೆ ಕಳಚಿದಳು. ಕೈ ದಪ್ಪವಾಗಿದ್ದುದರಿಂದ ಕೊನೆಯವು ಬರಲಿಲ್ಲ, ಹೊಸಿಲಿಗೆ ಕುಟ್ಟಿ ಒಡೆದಳು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ನಾನೂ ಅತ್ತೆ. ದೊಡ್ಡಮ್ಮ ಅಳಲಿಲ್ಲ.

ಎಲೆಗೆ ಬಡಿಸಿದ ಮೇಲೆ ಹಿರಿಯರನ್ನು ಕರೆಯುವುದು ಮನೆಯ ಗಂಡಸಿನ ಕೆಲಸ. ಅಂದು ಅಪ್ಪಯ್ಯನಿಗೆ ಬಾಯಿ ಬರಲಿಲ್ಲ. ದೊಡ್ಡಮ್ಮ ಎದ್ದು, ಒಳಕೋಣೆಯ ಬಾಗಿಲಲ್ಲಿ ನಿಂತು, ಕಡವಿನವರು ಕೂಗುವ ಹಾಗೆ ಕೂಗಿದಳು.

‘ಹ್ವಾಯ್...’

ಕಿವಿಗೊಟ್ಟು ನಿಂತಳು. ಮತ್ತೆ ಕೂಗಿದಳು, ಮತ್ತೆ ನಿಂತಳು. ಮೂರನೆಯ ಸಲ ಕೂಗಿ ಬಹಳ ಹೊತ್ತು ಕಾದಳು. ಆಮೇಲೆ ಬಾಗಿಲೆಳೆದು ಚಿಲಕ ಹಾಕಿದಳು.