ರಬ್ಬರ್ ಹೊಟ್ಟೆ ಕಟ್ಟಿಕೊಂಡ ದಿನ

ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಏನು ಮಾಡಬೇಕೆಂದು ಕಲಿಸಲು ಸನತ್‌ನಗರದ ನಮ್ಮ ಆಸ್ಪತ್ರೆಗೆ ತರಬೇತಿಯವರು ಬಂದಿದ್ದರು. ಬಾಣಂತಿಯ ಪಾತ್ರ ಯಾರು ಮಾಡುತ್ತೀರಿ ಅಂದಾಗ ಎಲ್ಲರೂ ನನ್ನತ್ತಲೇ ಬೆರಳು ತೋರಿಸಿದರು. ಮೊಮ್ಮಕ್ಕಳನ್ನು ಕಂಡ ಹಿರಿಯ ನರ್ಸ್ ನಾನು! ಸಿಟ್ಟು ಬಂತು. ಆದರೂ ರಬ್ಬರಿನ ಹೊಟ್ಟೆ ಕಟ್ಟಿಕೊಂಡು ಮಂಚ ಏರಿದೆ. ಅದರೊಳಗೆ ಕೆಂಪು ನೀರಿನ ಚೀಲ, ನೀರು ಬಿಡುವ ತಿರುಪು ನನ್ನ ಕೈಯಲ್ಲಿ. ನೋಡಿಕೊಳ್ಳುವವರು ಎಲ್ಲವನ್ನೂ ಸರಿಯಾಗಿ ಮಾಡಿದರಷ್ಟೇ ನಾನು ನೀರು ನಿಲ್ಲಿಸಬೇಕು, ಕನಿಕರ ತೋರಿಸುವಂತಿಲ್ಲ.

ನನ್ನನ್ನು ನೋಡಿಕೊಳ್ಳುವ ಸರದಿ ಹೊಸದಾಗಿ ಸೇರಿದ ನರ್ಸ್ ಹುಡುಗಿಯದು. ನಮ್ಮ ಕಲಬುರಗಿ ಕಡೆಯವಳೇ, ಅದಕ್ಕೇ ನನಗೆ ಒಂದು ಕೈ ಹೆಚ್ಚು ಅಕ್ಕರೆ. ಅವಳನ್ನು ಹೆತ್ತ ದಿನವೇ ರಕ್ತ ಹೋಗಿ ತಾಯಿ ತೀರಿಕೊಂಡಿದ್ದಳು. 'ಹುಟ್ಟುತ್ತಲೇ ತಾಯಿಯನ್ನು ತಿಂದುಕೊಂಡಾಕಿ' ಎಂದೇ ಮನೆಯಲ್ಲಿ ಕರೆಯುತ್ತಿದ್ದರಂತೆ. ಒಮ್ಮೆ ಊಟಕ್ಕೆ ಕೂತಾಗ ನಗುತ್ತಲೇ ಹೇಳಿದ್ದಳು. ಅಂಥವರ ಬಾಯಿಗೆ ಹುಳ ಬೀಳಲಿ!

ತಿರುಪು ಬಿಚ್ಚಿದೆ. ಹಾಸಿದ ಬಟ್ಟೆ ಕೆಂಪಾಗತೊಡಗಿತು. ಹುಡುಗಿ ಕಂಬದ ಹಾಗೆ ನಿಂತುಬಿಟ್ಟಳು. ಒಂದು ಸುತ್ತು ತಿರುಗಿಸಿದ್ದರೆ ಅವಳ ಸಂಕಟ ಮುಗಿಯುತ್ತಿತ್ತು. ನಾನು ತಿರುಗಿಸಲಿಲ್ಲ.

"ಏನ್ ನೋಡಾಕತ್ತೀಯವ್ವಾ? ನಾ ಇಲ್ಲಿ ಸಾಯಾಕತ್ತೀನಿ. ಹೊಟ್ಟಿ ಮ್ಯಾಲ ಕೈ ಇಡು!" ಎಂದು ಮಲಗಿದಲ್ಲಿಂದಲೇ ಗದರಿದೆ.

ತರಬೇತಿಯವರು ತೆಲುಗಿನವರು, ಕನ್ನಡ ಬಾರದು. ನಟನೆ ಚೆನ್ನಾಗಿದೆ ಅಂದುಕೊಂಡು "ಬಾಗುಂದಮ್ಮಾ, ಬಾಗುಂದಿ" ಅಂದರು.

ಹುಡುಗಿಗೆ ಎಚ್ಚರ ಬಂತು. ಉಳಿದವರನ್ನು ಕೂಗಿ ಕರೆದಳು, ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗುವಂತೆ ತಿಕ್ಕತೊಡಗಿದಳು. ಒಬ್ಬಳು ಇಂಜೆಕ್ಷನ್ ಕೊಟ್ಟಳು, ಇನ್ನೊಬ್ಬಳು ಸಲೈನ್ ಹಚ್ಚಿದಳು. ಬಾಣಂತಿಯ ಜೊತೆ ಮಾತಾಡುತ್ತಲೇ ಇರಬೇಕೆಂದು ಬೆಳಿಗ್ಗೆ ಕಲಿಸಿದ್ದರು. "ಅಂಜಬ್ಯಾಡ್ರಿ ಅವ್ವಾ, ನಾ ಇಲ್ಲೇ ಅದೀನಿ," ಅಂದಳು. ಯಾವತ್ತೂ ನನ್ನನ್ನು ಅಕ್ಕಾರ ಅನ್ನುವವಳು! ನನಗೆ ಕಣ್ಣು ತುಂಬಿ ಬಂತು.

ಎಲ್ಲ ಸರಿಯಾಗಿತ್ತು. ತಿರುಪು ಬಿಗಿ ಮಾಡಿದೆ.

ಉಳಿದವರು ಚಹಾಕ್ಕೆ ಹೋದರು. ಅವಳು ಮಾತ್ರ ಕೈ ತೆಗೆಯಲಿಲ್ಲ. "ಕನಿಕರ ಪಟ್ಟು ನಿಲ್ಸಿದ್ರೇನ್ರಿ ಅಕ್ಕಾರ?"

"ನಾ ಅಂಥಾಕಿ ಅಲ್ಲವ್ವ. ನೀ ಮಾಡಿದ್ದು ಸರಿ ಇತ್ತು, ನಿಲ್ಸಿದೆ."

"ಅವತ್ತ ನಮ್ಮವ್ವನ ಹೊಟ್ಟಿ ಮ್ಯಾಲ ಯಾರರ ಹಿಂಗ ಕೈ ಇಟ್ಟಿದ್ರ..."

ಎದ್ದು ಕೂತೆ. ಅವತ್ತು ಅಲ್ಲಿ ಏನಾಯಿತೋ, ನನಗೇನು ಗೊತ್ತು? ಸುಳ್ಳು ಸಮಾಧಾನ ಹೇಳಲು ಬಾಯಿ ಬರಲಿಲ್ಲ.

"ಉಳೀತಿದ್ಲೋ ಇಲ್ಲೋ ನಾ ಹೇಳಾಕಾಗಲ್ಲ. ಆದ್ರ ಅಲ್ಲಿ ದೊಡ್ಡವ್ರು ಇದ್ರು. ಏನೂ ಮಾಡಾಕ ಬರಲಾರದಾಕಿ ನೀ ಒಬ್ಬಾಕಿನ."

"ಹಂಗಾರ ನಂದಲ್ಲೇನ್ರಿ ತಪ್ಪು?"

"ಹುಚ್ಚಿ, ಆಗಷ್ಟ ಹುಟ್ಟಿದ ಕೂಸು ನೀ. ಹಾಲಿಗೆ ಅಳಾಕತ್ತಿದ್ದಿ."

ಅವಳು ಆ ರಬ್ಬರ್ ಹೊಟ್ಟೆಗೆ ಮುಖ ಒತ್ತಿಕೊಂಡು ಗಟ್ಟಿಯಾಗಿ ಅಳತೊಡಗಿದಳು.